ತಾತನ ಅಂಗಡಿಯ ಡಬ್ಬಿಯಲ್ಲಿ ಸೀಸದ ಬಿಲ್ಲೆಗಳು ಸಿಕ್ಕಿವೆ, ಇವು ಯಾವ ಕಾಲದವು?

ಜವಳಿಮನೆ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನಮ್ಮ ತಾತ ಜವಳಿ ಅಂಗಡಿ ಇಟ್ಟಿದ್ದರು. ಬಾಗಿಲು ಹಾಕಿ 12 ವರ್ಷ ಆಯಿತು. ಗೋಡೆ ಬಿರುಕು ಬಿಟ್ಟಿದೆ, ಇಳಿಸಲೇಬೇಕು. ಹೋದ ವಾರ ನಾನೂ ಚಿಕ್ಕಪ್ಪನೂ ಸೇರಿ ಅಟ್ಟ ಖಾಲಿ ಮಾಡಿದೆವು. ಖಾತೆ, ಕೀರ್ದಿ ಪುಸ್ತಕಗಳು, ಕಬ್ಬಿಣದ ಗಜ, ಹಿತ್ತಾಳೆ ತಕ್ಕಡಿ ಎಲ್ಲ ಇದ್ದವು. ಮೂಲೆಯಲ್ಲಿ ಒಂದು ಬಿಸ್ಕತ್ ಡಬ್ಬಿ. ನೋಡಲು ಚಿಕ್ಕದು, ಎತ್ತಿದರೆ ಕೈ ಜಗ್ಗುತ್ತದೆ.

ಒಳಗೆ 11 ಬಿಲ್ಲೆಗಳು. ಸೀಸ ಅಂತ ಹೇಗೆ ಗೊತ್ತಾಯಿತು ಅಂದರೆ, ಉಗುರು ಒತ್ತಿದರೆ ಗೆರೆ ಬೀಳುತ್ತದೆ. ಕಾಗದದ ಮೇಲೆ ಎಳೆದರೆ ಪೆನ್ಸಿಲ್ ಥರ ಬೂದು ಬಣ್ಣ ಬರುತ್ತದೆ. ಕೆಲವು ಅಂಗಿ ಗುಂಡಿಯಷ್ಟಿವೆ. ಒಂದು ಮಾತ್ರ ದೊಡ್ಡದು, ಹಳೇ ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಅಗಲ, ಕರ್ಚಿಕಾಯಿ ಮಡಚಿ ಅಂಚು ಒತ್ತಿದ ಹಾಗಿದೆ. ಅದರ ಮೇಲೆ ಹೃದಯದ ಆಕಾರ, ಒಳಗೆ ಗೆರೆ, ಅಕ್ಷರ.

ಒಂದು ತಪ್ಪು ಮಾಡಿದ್ದೇನೆ, ಅದನ್ನೂ ಹೇಳಿಬಿಡುತ್ತೇನೆ. ದೇವರ ಸಾಮಾನು ತೊಳೆಯುವ ಅಭ್ಯಾಸದ ಮೇಲೆ ಆ ದೊಡ್ಡ ಬಿಲ್ಲೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿದೆ. ಮೊದಲು ಹೊಳೆಯಿತು. ಮರುದಿನ ನೋಡಿದರೆ ಅದರ ಮೇಲೆಲ್ಲ ಬಿಳಿ ಪುಡಿ. ಒಂದು ಅಕ್ಷರ ಹೊರಟೇ ಹೋಗಿದೆ. ಫೋಟೋ ತೆಗೆಯುವ ಮೊದಲೇ ಉಜ್ಜಿಬಿಟ್ಟೆ, ಬಹಳ ಬೇಜಾರಾಗಿದೆ. ಇವು ಏನು ಅಂತ ತಿಳಿದವರು ದಯವಿಟ್ಟು ಹೇಳಿ.

ನಾಣ್ಯಪೆಟ್ಟಿಗೆ, ಸಂಡೂರು

ಅಣ್ಣಾ, ಸೀಸ ಅಂದ ಕೂಡಲೇ ನನಗೆ ಹೊಳೆದದ್ದು ಸಾತವಾಹನರು. ಅವರು ಸೀಸದಲ್ಲೇ ನಾಣ್ಯ ಹೊಡೆಸಿದವರು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅವರ ಸಾಮಂತರಾದ ಮಹಾರಠಿಗಳ ಸೀಸದ ನಾಣ್ಯ ಸಿಕ್ಕಿವೆ. ನಮ್ಮ ಬಳ್ಳಾರಿ ಸೀಮೆಯೂ ಸಾತವಾಹನರ ನಾಡೇ, ಹಿರೇಹಡಗಲಿಯ ತಾಮ್ರಶಾಸನದಲ್ಲಿ ಸಾತಾಹನಿ ರಟ್ಠ ಅಂತಲೇ ಹೆಸರಿದೆ. ಎತ್ತು, ಬೆಟ್ಟ, ಬೇಲಿಯೊಳಗಿನ ಮರ, ಇಂಥ ಚಿತ್ರ ಏನಾದರೂ ಕಾಣುತ್ತದಾ ನೋಡಿ. ಕಂಡರೆ ಅದು ಬಹಳ ದೊಡ್ಡ ವಿಷಯ.

ಕೋಟೆ ಮೇಷ್ಟ್ರು, ಕೊಪ್ಪಳ

ಸಂಡೂರಿನ ತಮ್ಮಾ, ನಿನ್ನ ಊಹೆಗೆ ಕಾರಣ ಇದೆ. ಆದರೆ ಮಡಚಿದ ಬಿಲ್ಲೆ ನಾಣ್ಯ ಆಗುವುದಿಲ್ಲ. ನಾಣ್ಯ ಒಂದೇ ತುಂಡು. ಇವರು ಹೇಳುತ್ತಿರುವುದು ಎರಡು ಪದರ ಸೇರಿಸಿ ಒತ್ತಿದ್ದು. ಅದು ಸರಕಿನ ಸೀಲು ಇರಬೇಕು.

ಜವಳಿಮನೆಯವರೇ, ಇನ್ನು ಒಂದನ್ನೂ ತೊಳೆಯಬೇಡಿ, ಒಣ ಬಟ್ಟೆಯಿಂದಲೂ ಉಜ್ಜಬೇಡಿ. ಮೂರು ವಿಷಯ ನೋಡಿ ಹೇಳಿ. ಬಿಲ್ಲೆಯ ಪಕ್ಕದಲ್ಲಿ ದಾರ ತೂರುವಂಥ ತೂತು ಇದೆಯಾ? ಹಿಂಬದಿಯಲ್ಲಿ ಬಟ್ಟೆಯ ನೇಯ್ಗೆ ಒತ್ತಿದ ಗುರುತು ಇದೆಯಾ? ಹೃದಯದ ಒಳಗೆ ಎಷ್ಟು ಮನೆ ಇವೆ? ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಮೇಲಿನಿಂದ ಹಿಡಿಯದೆ ಮೇಜಿಗೆ ಸಮನಾಗಿ ಪಕ್ಕದಿಂದ ಹಿಡಿಯಿರಿ. ಸವೆದ ಅಕ್ಷರದ ಅಂಚಿಗೆ ನೆರಳು ಬೀಳುತ್ತದೆ, ಬೆರಳಿಗೆ ಸಿಗದ್ದು ಕಣ್ಣಿಗೆ ಸಿಗುತ್ತದೆ. ಶಾಸನ ಓದುವವರು ಸವೆದ ಕಲ್ಲಿನ ಮುಂದೆ ಮಾಡುವುದೂ ಇದನ್ನೇ.

ಲ್ಯಾಬ್ ಮೇಡಂ, ಸಿಂಧನೂರು

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಹಿತ್ತಾಳೆ, ತಾಮ್ರದ ಮೇಲಿನ ಕಿಲುಬನ್ನು ಹುಳಿ ಕರಗಿಸುತ್ತದೆ, ಕೆಳಗಿನ ಲೋಹ ಉಳಿಯುತ್ತದೆ. ಸೀಸದ ಕಥೆ ಬೇರೆ. ಅದರ ಮೇಲಿನ ಬೂದು ಪದರವೇ ಅದಕ್ಕೆ ಕವಚ. ಆ ಪದರದಲ್ಲೇ ಅಕ್ಷರದ ಅಂಚು ಕೂತಿರುತ್ತದೆ. ಹುಳಿ ಹಾಕಿದರೆ ಕವಚ ಹೋಗಿ ಹೊಸ ಲೋಹ ಗಾಳಿಗೆ ಬೀಳುತ್ತದೆ, ಬಿಳಿ ಪುಡಿ ಏಳುತ್ತದೆ. ಆ ಪುಡಿ ವಿಷ. ಊದಬೇಡಿ, ಬರಿಗೈಯಲ್ಲಿ ಒರೆಸಬೇಡಿ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕೈಗೆ ಸಿಗದ ಹಾಗೆ ಇಡಿ, ಮಕ್ಕಳ ಮೈಗೆ ಸೀಸ ಬಹಳ ಕೆಟ್ಟದ್ದು.

ಮರದ ಪೆಟ್ಟಿಗೆಯಲ್ಲೂ ಇಡಬೇಡಿ. ಮರದಿಂದ, ರಟ್ಟಿನಿಂದ ಸಣ್ಣಗೆ ಹುಳಿ ಆವಿ ಬರುತ್ತಿರುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಅಷ್ಟೇ ಸಾಕು ಸೀಸ ಪುಡಿಯಾಗಲು. ಚೆಂದ ಕಾಣಲಿ ಅಂತ ಸಾಗುವಾನಿ ಪೆಟ್ಟಿಗೆಗೆ ಹಾಕಿ ಕಳೆದುಕೊಂಡವರಿದ್ದಾರೆ. ಪಾಲಿಥಿನ್ ಜಿಪ್ ಕವರ್, ಒಂದೊಂದಕ್ಕೆ ಒಂದೊಂದು. ಅದೇ ಒಳ್ಳೆಯದು.

ಜವಳಿಮನೆ, ಬಳ್ಳಾರಿ

ಮೇಡಂ, ಈಗಲೇ ಕವರಿಗೆ ಹಾಕಿದೆ. ಮಗಳು ಚಿಕ್ಕವಳು, ಡಬ್ಬಿ ಬೀರುವಿನ ಮೇಲಕ್ಕೆ ಹೋಯಿತು.

ಟಾರ್ಚ್ ಹಿಡಿದು ನೋಡಿದೆ ಮೇಷ್ಟ್ರೇ. 7 ಬಿಲ್ಲೆಗಳಿಗೆ ಪಕ್ಕದಲ್ಲಿ ಎರಡೆರಡು ಸಣ್ಣ ತೂತು. ಒಂದರಲ್ಲಿ ತುಕ್ಕು ಹಿಡಿದ ತಂತಿಯ ಚೂರು ಇನ್ನೂ ಇದೆ. ಇಂಗ್ಲಿಷ್ ಅಕ್ಷರ: ಒಂದರ ಮೇಲೆ ಎಂ, ಎಸ್, ಎಂ ಓದಲು ಬರುತ್ತದೆ. ಇನ್ನೆರಡರಲ್ಲಿ ಜಿ, ಟಿ, ಎಲ್. ತೀರಾ ಚಿಕ್ಕವು ಎರಡು ಇವೆ, ಮೇಲೆ ಏನೂ ಇಲ್ಲ. ಇನ್ನೊಂದು ಉದ್ದ ಬೆಣೆಯ ಥರ, ಅದರ ತಲೆ ಮೇಲೆ ಸಾಲಾಗಿ ಸಣ್ಣ ಸಣ್ಣ ಗುದ್ದು. ಹೃದಯದ್ದು ನಾಳೆ ಹಗಲಲ್ಲಿ ನೋಡುತ್ತೇನೆ.

ಗೂಡ್ಸ್ ಗುಮಾಸ್ತ, ರಾಯಚೂರು

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ನೌಕರಿ ಪೂರ್ತಿ ಗೂಡ್ಸ್ ಶೆಡ್ಡಿನಲ್ಲೇ ಕಳೆದವನು. ಜಿಟಿಎಲ್ ಅಂದರೆ ಗುಂತಕಲ್ ಸ್ಟೇಷನ್ನಿನ ಗುರುತಿನ ಅಕ್ಷರ. ಬಳ್ಳಾರಿಗೆ ಬಿಎವೈ, ರಾಯಚೂರಿಗೆ ಆರ್‌ಸಿ. ಎಂಎಸ್‌ಎಂ ಅಂದರೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ಆ ಕಂಪನಿ 1908ರಲ್ಲಿ ಶುರುವಾಗಿ 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಸೇರಿತು. ಹಾಗಾಗಿ ಆ ಬಿಲ್ಲೆ ಅಷ್ಟರೊಳಗಿನದು, ಅದರಲ್ಲಿ ಅನುಮಾನ ಇಲ್ಲ.

ವ್ಯಾಗನ್ನಿಗೆ ಸೀಲು ಹಾಕುವುದು ಹೀಗೆ. ಸರಕು ತುಂಬಿ ಬಾಗಿಲು ಎಳೆದು ಕೊಂಡಿ ಹಾಕುತ್ತೇವೆ. ಕೊಂಡಿಯಲ್ಲಿ ತಂತಿ ತೂರಿಸಿ, ತಂತಿಯ ಎರಡು ತುದಿಯನ್ನೂ ಸೀಸದ ಗುಂಡಿಯ ಎರಡು ತೂತಿನಲ್ಲಿ ಹಾಯಿಸುತ್ತೇವೆ. ಆಮೇಲೆ ಸೀಲಿಂಗ್ ಇಕ್ಕಳ. ಅದರ ಎರಡು ದವಡೆಯಲ್ಲಿ ಅಕ್ಷರ ಕೆತ್ತಿರುತ್ತದೆ. ಒಮ್ಮೆ ಗಟ್ಟಿಯಾಗಿ ಅಮುಕಿದರೆ ಸೀಸ ತಂತಿಯನ್ನು ಕಚ್ಚುತ್ತದೆ, ಅಕ್ಷರ ಮೂಡುತ್ತದೆ. ಒಂದೇ ಅಮುಕಿನಲ್ಲಿ ಎರಡೂ ಕೆಲಸ. ಬಿಚ್ಚಬೇಕು ಅಂದರೆ ತಂತಿ ಕತ್ತರಿಸಬೇಕು, ಇಲ್ಲವೇ ಸೀಸ ಸೀಳಬೇಕು. ಎರಡೂ ಕಣ್ಣಿಗೆ ಕಾಣುತ್ತದೆ.

ಸೀಲು ಕಳ್ಳನನ್ನು ತಡೆಯುವುದಿಲ್ಲ. ಕದ್ದಿದ್ದಾರೆ ಅಂತ ಹೇಳುತ್ತದೆ, ಅಷ್ಟೇ. ಆ ಅಷ್ಟೇ ಬಹಳ ಮುಖ್ಯ. ವ್ಯಾಗನ್ ಬಂದ ಕೂಡಲೇ ನಾವು ಮೊದಲು ನೋಡುತ್ತಿದ್ದದ್ದು ಸೀಲು. ಸರಿಯಿದ್ದರೆ ಒಂದು ಮಾತು, ಮುರಿದಿದ್ದರೆ ಇನ್ನೊಂದು ಮಾತು. ಮುರಿದಿದ್ದರೆ ರಿಜಿಸ್ಟರಿನಲ್ಲಿ ಬರೆದು, ಸಾಕ್ಷಿ ಕರೆದು, ಆಮೇಲೆ ಬಾಗಿಲು ತೆಗೆಯುವುದು. ಮೂಟೆ ಕಡಿಮೆ ಬಂದರೆ ದುಡ್ಡು ಯಾರು ಕೊಡಬೇಕು ಅನ್ನುವುದು ಆ ಸಣ್ಣ ಸೀಸದ ಮೇಲೆ ನಿಂತಿರುತ್ತಿತ್ತು.

ನಮ್ಮ ರಾಯಚೂರಿನಲ್ಲಿ 1871ರಲ್ಲಿ ಬೊಂಬಾಯಿ ಕಡೆಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದ್ರಾಸ್ ರೈಲ್ವೆ ಎರಡೂ ಬಂದು ಕೂಡಿದವು. ಒಂದು ಕಂಪನಿಯ ಕೈಯಿಂದ ಇನ್ನೊಂದು ಕಂಪನಿಯ ಕೈಗೆ ಸರಕು ಹೋಗುವ ಜಾಗ ಅದು. ಅಂಥ ಕಡೆ ಸೀಲಿನ ಬೆಲೆ ಎಷ್ಟಿರಬೇಕು, ನೀವೇ ಯೋಚಿಸಿ.

ಚಿಕ್ಕ ಎರಡು ಕರೆಂಟ್ ಮೀಟರಿನ ಸೀಲು ಇದ್ದ ಹಾಗಿದೆ. ಬೆಣೆಯಂಥದ್ದು ನನಗೆ ತಿಳಿಯದು.

ಗಂಜ್ ಹುಡುಗ, ರಾಯಚೂರು

ಬೆಣೆ ನನಗೆ ಗೊತ್ತು! ನಮ್ಮದು ರಾಜೇಂದ್ರ ಗಂಜ್‌ನಲ್ಲಿ ಅಡತಿ ಅಂಗಡಿ. ಬೀಡು ಕಬ್ಬಿಣದ ತೂಕದ ಕಲ್ಲನ್ನು ತಿರುವಿ ನೋಡಿ. ಒಂದು ಕುಳಿ ಇರುತ್ತದೆ, ಅದರಲ್ಲಿ ಸೀಸ ತುಂಬಿರುತ್ತಾರೆ. ತೂಕ ಮತ್ತು ಅಳತೆ ಇಲಾಖೆಯವರು ಬಂದು ಕಲ್ಲು ಪರೀಕ್ಷೆ ಮಾಡಿ ಆ ಸೀಸದ ಮೇಲೆ ಮುದ್ರೆ ಗುದ್ದುತ್ತಾರೆ. ಕಲ್ಲು ಸವೆದು ತೂಕ ಕಡಿಮೆಯಾಗಿದ್ದರೆ ಸೀಸ ಸೇರಿಸಿ ಸರಿ ಮಾಡುತ್ತಾರೆ. ಪ್ರತಿ ಸಲದ ಗುದ್ದು ಹಾಗೇ ಉಳಿಯುತ್ತದೆ. ನಿಮ್ಮದು ಕುಳಿಯಿಂದ ಉದುರಿದ ಸೀಸ. ಸೇರು, ಮಣದ ಲೆಕ್ಕ ಹೋಗಿ ಕಿಲೋ ಬಂದಾಗ ಹಳೇ ಕಲ್ಲುಗಳನ್ನು ಗುಜರಿಗೆ ಹಾಕಿದರು ಅಂತ ನಮ್ಮಪ್ಪ ಹೇಳುತ್ತಿದ್ದರು. ನಿಮ್ಮ ತಾತ ಬರೀ ಸೀಸ ತೆಗೆದಿಟ್ಟುಕೊಂಡಿರಬೇಕು.

ಜವಳಿಮನೆ, ಬಳ್ಳಾರಿ

11ರಲ್ಲಿ 10 ಲೆಕ್ಕಕ್ಕೆ ಸಿಕ್ಕವು! ಎಲ್ಲರಿಗೂ ಕೈ ಮುಗಿದೆ.

ಈಗ ಹೃದಯದ್ದು. ಬೆಳಿಗ್ಗೆ ಕಿಟಕಿ ಪಕ್ಕ ಕೂತು ನೋಡಿದೆ. ಹೃದಯದ ಮೇಲೆ ಒಂದು ಕಂಬ ಎದ್ದು ಇಂಗ್ಲಿಷ್ ಅಂಕಿ 4ರ ಹಾಗೆ ತಿರುಗಿದೆ. ಒಳಗೆ ಅಡ್ಡಡ್ಡ ಎರಡು ಗೆರೆ ಒಂದನ್ನೊಂದು ಕತ್ತರಿಸಿ ನಾಲ್ಕು ಮನೆ ಆಗಿವೆ. ಮೂರು ಮನೆಯಲ್ಲಿ ಇ, ಐ, ಸಿ ಕಾಣುತ್ತದೆ. ನಾಲ್ಕನೆಯದು ಖಾಲಿ. ನಾನು ಹಾಳು ಮಾಡಿದ್ದು ಅದನ್ನೇ.

ಹಿಂಬದಿಯಲ್ಲಿ ನೇಯ್ಗೆ ಇದೆ ಮೇಷ್ಟ್ರೇ! ಅಲ್ಲಿಗೆ ಹುಣಸೆಹಣ್ಣು ತಾಗಿಲ್ಲ. ತಾತನ ಪಿಕ್ ಗ್ಲಾಸ್ ಅದೇ ಅಟ್ಟದಲ್ಲಿ ಸಿಕ್ಕಿತ್ತು. ಬಟ್ಟೆಯ ಎಳೆ ಎಣಿಸಲು ಜವಳಿಯವರು ಇಟ್ಟುಕೊಳ್ಳುವ ಮಡಚುವ ಭೂತಗನ್ನಡಿ ಅದು, ಕೆಳಗೆ ಒಂದು ಇಂಚಿನ ಚೌಕ ಇರುತ್ತದೆ. ಅದರಲ್ಲೇ ನೋಡಿದೆ. ಎಳೆಗಳು ದಪ್ಪ, ಒಂದು ಮೇಲೆ ಒಂದು ಕೆಳಗೆ ಸಾದಾ ನೇಯ್ಗೆ. ಇಂಚಿಗೆ ಸುಮಾರು 14 ಎಳೆ ಬರುವ ಲೆಕ್ಕ. ಒಂದು ಕಡೆ ಎಳೆ ಗಂಟು ಬಿದ್ದದ್ದೂ ಸೀಸದಲ್ಲಿ ಅಚ್ಚಾಗಿದೆ. ಯಾವ ನೇಕಾರನ ಕೈಯ ಗಂಟೋ ಏನೋ, ನೋಡುತ್ತಾ ಬಹಳ ಹೊತ್ತು ಕೂತುಬಿಟ್ಟೆ.

ಕೋಟೆ ಮೇಷ್ಟ್ರು, ಕೊಪ್ಪಳ

ಓದಿ ಮೈ ಜುಮ್ಮೆಂದಿತು. ನಿಧಾನವಾಗಿ ಬರೆಯುತ್ತೇನೆ, ಉದ್ದವಾದರೂ ಓದಿ.

ಹೋದ ಅಕ್ಷರ ಯಾವುದು ಅಂತ ಹೇಳಬಹುದು. ಹೃದಯ, ಅದರ ಮೇಲೆ 4ರ ಆಕಾರ, ಇದು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ತನ್ನ ಸರಕಿಗೆ ಹಾಕುತ್ತಿದ್ದ ಗುರುತು. ಗೆರೆಗಳು ಉಳಿದಿವೆ, ನಾಲ್ಕು ಮನೆ ಇವೆ. ನಾಲ್ಕು ಮನೆ ಅಂದರೆ ನಾಲ್ಕು ಅಕ್ಷರ: ವಿ, ಇ, ಐ, ಸಿ. ಹೋದದ್ದು ವಿ. ಮೂರೇ ಅಕ್ಷರದ ಗುರುತೂ ಉಂಟು, 1852ರ ಸಿಂಧ್ ಡಾಕ್ ಅಂಚೆಚೀಟಿಯ ಮೇಲೆ ಹೃದಯ ಮೂರು ಮನೆಯಾಗಿದೆ. ನಿಮ್ಮದು ಅದಲ್ಲ.

ಆ ವಿ ಅಕ್ಷರ ಹಳೇ ಲ್ಯಾಟಿನ್ ಬರವಣಿಗೆಯ ಯು. ಯುನೈಟೆಡ್ ಅಂತ ಅರ್ಥ. 1600ರಲ್ಲಿ ಹುಟ್ಟಿದ ಹಳೇ ಕಂಪನಿಗೆ ಎದುರಾಗಿ 1698ರಲ್ಲಿ ಇನ್ನೊಂದು ಕಂಪನಿ ಎದ್ದಿತ್ತು. ಎರಡೂ ಜಗಳ ಬಿಟ್ಟು 1709ರ ಹೊತ್ತಿಗೆ ಒಂದಾದವು. ಆಮೇಲೆ ಬಂದದ್ದು ಈ ಯುನೈಟೆಡ್. 1833ರ ಕಾಯ್ದೆ ಕಂಪನಿಯ ವ್ಯಾಪಾರವನ್ನೇ ನಿಲ್ಲಿಸಿತು. ಹಾಗಾಗಿ ನಿಮ್ಮ ಬಿಲ್ಲೆ ಈ ಎರಡರ ನಡುವಿನದು. ಹೋಲಿಸಿ ನೋಡಬೇಕೆಂದರೆ 1794 ಮತ್ತು 1797ರಲ್ಲಿ ಮದ್ರಾಸ್ ಕಡೆಗೆ ಹೊಡೆಸಿದ ರೂಪಾಯಿಯ 48ನೇ ಒಂದು ಭಾಗದ ತಾಮ್ರದ ನಾಣ್ಯ ಹುಡುಕಿ. ಅದರ ಒಂದು ಮುಖದಲ್ಲಿ ಇದೇ ಗುರುತು.

ಇನ್ನು ಕರ್ಚಿಕಾಯಿ. ಬಟ್ಟೆಯ ಸೀಲು ಮಾಡುತ್ತಿದ್ದದ್ದು ಹೀಗೆ: ಎರಡು ಬಿಲ್ಲೆ, ನಡುವೆ ಒಂದು ಪಟ್ಟಿ, ಎಲ್ಲ ಒಂದೇ ಎರಕ. ಒಂದು ಬಿಲ್ಲೆಯಲ್ಲಿ ಮೊಳೆಯಂತೆ ಎದ್ದ ಗುಬ್ಬಿ, ಇನ್ನೊಂದರಲ್ಲಿ ತೂತು. ಬಟ್ಟೆಯ ಅಂಚನ್ನು ನಡುವೆ ಇಟ್ಟು ಮಡಚಿದರೆ ಗುಬ್ಬಿ ಬಟ್ಟೆ ತೂರಿ ಆಚೆ ತೂತಿನಿಂದ ಹೊರಬರುತ್ತದೆ. ಮೇಲಿಂದ ಅಚ್ಚು ಇಟ್ಟು ಹೊಡೆದರೆ ಗುಬ್ಬಿ ಚಪ್ಪಟೆಯಾಗಿ ಬೀಗ ಬೀಳುತ್ತದೆ. ಇಂಗ್ಲೆಂಡಿನಲ್ಲಿ ಇದು ಬಹಳ ಹಳೇ ಪದ್ಧತಿ. ಬಟ್ಟೆಯ ಉದ್ದ, ಅಗಲ ಅಳೆದು ತೆರಿಗೆ ವಸೂಲಿ ಮಾಡಿ ಸೀಸದ ಮುದ್ರೆ ಹಾಕಲು ಸರಕಾರದ ಅಧಿಕಾರಿಯೇ ಇದ್ದ, ಆ ವ್ಯವಸ್ಥೆ 1724ರವರೆಗೆ ನಡೆಯಿತು. ಕಂಪನಿಗಳು, ವ್ಯಾಪಾರಿಗಳು ಅದೇ ಕೈಚಳಕವನ್ನು ತಮ್ಮ ಸರಕಿಗೂ ಬಳಸಿದರು. ಡಚ್ಚರ ಕಂಪನಿಗೆ ಬೇರೆ ಗುರುತು, ದೊಡ್ಡ ವಿ ಅಕ್ಷರದ ಎರಡು ಕೈಗೆ ಒ ಮತ್ತು ಸಿ ಸೇರಿಸಿದ್ದು. ಪುಲಿಕಾಟ್, ಮಚಲಿಪಟ್ಟಣದಲ್ಲಿ ಅವರ ಕೋಠಿಗಳಿದ್ದವು.

ಕಂಪನಿ ಇಂಗ್ಲೆಂಡಿನಿಂದ ಇತ್ತ ತರುತ್ತಿದ್ದದ್ದರಲ್ಲಿ ಉಣ್ಣೆ ಬಟ್ಟೆ ದೊಡ್ಡ ಪಾಲು. ನಮ್ಮವರು ಬನಾತು, ಸಕಲಾತಿ ಅಂತ ಕರೆಯುತ್ತಿದ್ದದ್ದು ಅಂಥದ್ದನ್ನೇ. ಆದರೆ ಇಂಚಿಗೆ 14 ದಪ್ಪ ಎಳೆ ಬನಾತು ಅಲ್ಲ. ಅದು ತಟ್ಟಿನಂಥ ಒರಟು ಬಟ್ಟೆ. ಅಂದರೆ ಈ ಸೀಲು ಒಳಗಿನ ಬಟ್ಟೆಗಲ್ಲ, ಮೇಲೆ ಸುತ್ತಿದ ಹೊದಿಕೆಗೆ ಹೊಡೆದದ್ದು ಅಂತ ನನ್ನ ಅಂದಾಜು. ಜವಳಿಯವರು ನೀವು, ನಿಮಗೇನು ಅನ್ನಿಸುತ್ತದೆ?

ಸಮುದ್ರದಲ್ಲಿ ಇವಕ್ಕೆ ಒಳ್ಳೆ ಸಾಕ್ಷಿ ಇದೆ. 1805ರ ಫೆಬ್ರವರಿ 5ರಂದು ಅರ್ಲ್ ಆಫ್ ಅಬರ್ಗವೆನಿ ಅನ್ನುವ ಕಂಪನಿ ಹಡಗು ಬಂಗಾಳ, ಚೀನಾ ಕಡೆಗೆ ಹೊರಟು ಇಂಗ್ಲೆಂಡಿನ ವೇಮತ್ ಕೊಲ್ಲಿಯಲ್ಲೇ ಮುಳುಗಿತು. 250ಕ್ಕೂ ಹೆಚ್ಚು ಜನ ಸತ್ತರು. ಕಪ್ತಾನ ಜಾನ್ ವರ್ಡ್ಸ್‌ವರ್ತ್, ಕವಿ ವಿಲಿಯಂ ವರ್ಡ್ಸ್‌ವರ್ತ್‌ನ ತಮ್ಮ. ಮುಳುಗುಗಾರರು ಎಷ್ಟೋ ವರ್ಷದ ಮೇಲೆ ಅಲ್ಲಿಂದ ಎತ್ತಿದ್ದರಲ್ಲಿ ಸೀಸದ ಸೀಲುಗಳೂ ಇದ್ದವು. ಬಟ್ಟೆ ಕರಗಿ ನೀರಾದ ಮೇಲೂ ಸೀಲು ಉಳಿದಿತ್ತು. ಇನ್ನೊಂದು ಹಡಗು ಅಡ್ಮಿರಲ್ ಗಾರ್ಡನರ್, 1809ರ ಜನವರಿಯಲ್ಲಿ ಗುಡ್‌ವಿನ್ ಮರಳುದಿಬ್ಬದಲ್ಲಿ ಒಡೆಯಿತು. ಅದರಲ್ಲಿ ಇದ್ದದ್ದು ಮದ್ರಾಸಿಗೆ ಹೊರಟಿದ್ದ 1808ರ ಕಾಸುಗಳು, 10 ಕಾಸು, 20 ಕಾಸು. ಬಳ್ಳಾರಿ ಆಗ ಮದ್ರಾಸಿಗೇ ಸೇರಿತ್ತು. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ, ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ. ಆ ಹಡಗು ದಡ ಸೇರಿದ್ದರೆ ಅದರ ಕಾಸು ನಮ್ಮ ಸಂತೆಗಳಲ್ಲೂ ಓಡಾಡಬಹುದಿತ್ತು.

ನಾಣ್ಯಪೆಟ್ಟಿಗೆ, ಸಂಡೂರು

ಮೇಷ್ಟ್ರೇ, ನನ್ನ ಊಹೆ ತಪ್ಪಾಯಿತು, ಆದರೆ ಕಲಿತದ್ದು ಜಾಸ್ತಿ. ಆ 1808ರ 10 ಕಾಸು ನನ್ನ ಹತ್ತಿರ ಒಂದಿದೆ. ಸಿಂಹ ಇದೆ, ಹಿಂದೆ ಪಾರಸಿ ಅಕ್ಷರ. ಅದು ನಮ್ಮೂರ ಸಂತೆಯಲ್ಲೇ ಸಿಕ್ಕಿದ್ದು.

ಗಂಜ್ ಹುಡುಗ, ರಾಯಚೂರು

ಒಂದು ವಿಷಯ ಒಪ್ಪಲು ಆಗುತ್ತಿಲ್ಲ. ಅಂಗಡಿ ತಾತನ ಕಾಲದ್ದು. ಕಂಪನಿ ವ್ಯಾಪಾರ ನಿಂತದ್ದು 1833. ನಡುವೆ ನೂರು ವರ್ಷ. ಅಂಗಡಿಗೆ ಬಂದ ಬೇಲ್ ಜೊತೆ ಈ ಸೀಲು ಬರಲು ಸಾಧ್ಯವೇ ಇಲ್ಲ, ಅಲ್ವಾ? ಯಾರೋ ಈಚೆಗೆ ಮಾರಿದ ನಕಲು ಇರಬಹುದಾ?

ಲ್ಯಾಬ್ ಮೇಡಂ, ಸಿಂಧನೂರು

ನಕಲು ಇರುತ್ತವೆ. ನಕಲು ಮಾಡುವವರು ಅಸಲಿಯ ಅಚ್ಚು ತೆಗೆದು ಸೀಸ ಎರೆಯುತ್ತಾರೆ. ಆಗ ಅಕ್ಷರದ ಅಂಚು ದುಂಡಗಾಗುತ್ತದೆ, ಮೇಲೆ ಗಾಳಿಗುಳ್ಳೆಯ ಚುಕ್ಕಿ ಇರುತ್ತವೆ, ಸುತ್ತ ಎರಕದ ಗೆರೆ ಇರುತ್ತದೆ. ಎರಡು ಪದರದ ನಡುವೆ ಸಂದು ಇರುವುದಿಲ್ಲ, ಇಡೀ ಒಂದೇ ಗಟ್ಟಿ. ಇಲ್ಲಿ ನಿಜವಾದ ಸಂದು ಇದೆ, ಹಿಂಬದಿಯಲ್ಲಿ ನೇಯ್ಗೆಯ ಅಚ್ಚು ಇದೆ, ಅದೂ ಗಂಟಿನ ಸಮೇತ. ನನಗೆ ಇದು ಹೊಡೆದ ಸೀಲು ಅಂತಲೇ ಅನ್ನಿಸುತ್ತದೆ. ಕೈಯಲ್ಲಿ ಹಿಡಿದು ನೋಡಿದವರು ಹೇಳಿದರೆ ಇನ್ನೂ ಗಟ್ಟಿ.

ಹೊಳೆದಂಡೆ ಅಕ್ಕ, ಮುನಿರಾಬಾದ್

ನಮ್ಮಪ್ಪ ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದರು. ಬೀಸುಬಲೆಯ ಅಂಚಿಗೆ ಸೀಸದ ಗುಂಡು ಬೇಕು. ಗುಜರಿಯವರ ಹತ್ತಿರ ಸೀಸ ಕಿಲೋ ಲೆಕ್ಕದಲ್ಲಿ ತರುತ್ತಿದ್ದರು. ಹಳೇ ಪೈಪು, ಬ್ಯಾಟರಿ ತಗಡು, ಅದರ ನಡುವೆ ಇಂಥ ಅಕ್ಷರ ಇರುವ ಬಿಲ್ಲೆಗಳೂ ಬರುತ್ತಿದ್ದವು. ನಾನು ಆಡಲು ಎತ್ತಿಕೊಂಡರೆ ಬೈಯುತ್ತಿದ್ದರು. ಅಡಿಗೆ ಒಲೆಯ ಮೇಲೇ ಕಬ್ಬಿಣದ ಸೌಟಿನಲ್ಲಿ ಕರಗುತ್ತಿತ್ತು, ಬೆಳ್ಳಿ ನೀರಿನ ಹಾಗೆ. ಅಕ್ಷರ ಒಂದು ಕ್ಷಣ ಮೇಲೆ ತೇಲಿದ ಹಾಗೆ ಕಂಡು ಮುಳುಗುತ್ತಿತ್ತು. ನಿಮ್ಮ ಮಾತು ಓದುವಾಗ ಅದೇ ಕಣ್ಣ ಮುಂದೆ ಬಂತು. ಆ ಬಿಲ್ಲೆಗಳ ಮೇಲೆ ಏನು ಬರೆದಿತ್ತೋ, ಯಾವ ಊರಿನದೋ. ಎಲ್ಲ ಹೊಳೆಗೆ ಹೋಯಿತು.

ಲ್ಯಾಬ್ ಮೇಡಂ, ಸಿಂಧನೂರು

ಅಕ್ಕಾ, ಸೀಸ 327 ಡಿಗ್ರಿಗೆ ಕರಗುತ್ತದೆ, ಮನೆ ಒಲೆ ಸಾಕು. ಅದಕ್ಕೇ ಈ ಸೀಲುಗಳು ಉಳಿಯುವುದು ಕಷ್ಟ. ಕರಗಿಸಿದರೆ ಗುಂಡು, ತೂಕ, ಪೈಪಿನ ಬೆಸುಗೆ, ಏನು ಬೇಕಾದರೂ ಆಗುತ್ತದೆ. ಈಗಲೂ ಯಾರಾದರೂ ಮನೆಯೊಳಗೆ ಸೀಸ ಕರಗಿಸುತ್ತಿದ್ದರೆ ನಿಲ್ಲಿಸಿ ಅಂತ ಹೇಳಿ, ಹೊಗೆ ಬಹಳ ಕೆಟ್ಟದ್ದು.

ಜವಳಿಮನೆ, ಬಳ್ಳಾರಿ

ಗಂಜ್ ತಮ್ಮ ಕೇಳಿದ ಪ್ರಶ್ನೆ ರಾತ್ರಿಯೆಲ್ಲ ತಲೆಯಲ್ಲಿತ್ತು. ಇವತ್ತು ಬೆಳಿಗ್ಗೆ ತಾತನ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಹಿರಿಯರಿಗೆ ಫೋನ್ ಮಾಡಿದೆ. ಈಗ ಮಗನ ಮನೆಯಲ್ಲಿದ್ದಾರೆ. ಕಿವಿ ಮಂದ, ನೆನಪು ಮಾತ್ರ ಚುರುಕು.

ಹೃದಯದ ಬಿಲ್ಲೆ ಅಂದ ಕೂಡಲೇ, "ಅದು ಅಂಗಡಿದಲ್ಲಪ್ಪಾ, ಕೌಲ್ ಬಜಾರದ್ದು" ಅಂದರು. ಕೌಲ್ ಬಜಾರ್ ಕಡೆ ಒಂದು ಮನೆಯ ಪಾಯ ತೋಡುವಾಗ ಮೇಸ್ತ್ರಿಗೆ ಸಿಕ್ಕಿತ್ತಂತೆ. ಎದೆಮಟ್ಟ ಆಳದಲ್ಲಿ, ಬೂದಿ ಮತ್ತು ಒಡೆದ ಪಿಂಗಾಣಿ ಚೂರಿನ ಜೊತೆ. ಜವಳಿ ಗುರುತು ಇರಬಹುದು ಅಂತ ಆ ಮೇಸ್ತ್ರಿ ತಾತನಿಗೆ ತಂದು ಕೊಟ್ಟರಂತೆ. ತಾತ ಅವರಿಗೆ ಒಂದು ಪಂಚೆ ಕೊಟ್ಟು ಕಳಿಸಿದರಂತೆ. ಆಮೇಲೆ ಕೈಗೆ ಸಿಕ್ಕ ಸೀಸದ ಸೀಲನ್ನೆಲ್ಲ ಅದೇ ಡಬ್ಬಿಗೆ ಹಾಕುವ ಅಭ್ಯಾಸ ಆಯಿತು.

ನಾನು 40 ವರ್ಷ ಆ ಮನೆಯಲ್ಲೇ ಬೆಳೆದವನು. ಈ ಮಾತು ಇವತ್ತೇ ಕೇಳಿದ್ದು.

ಕೋಟೆ ಮೇಷ್ಟ್ರು, ಕೊಪ್ಪಳ

ಈ ಫೋನ್ ಕರೆ ಆ ಬಿಲ್ಲೆಗಿಂತ ದೊಡ್ಡದು. ಬರೀ ಬಿಲ್ಲೆ ಕಂಪನಿಯದು ಅಂತ ಹೇಳುತ್ತದೆ, ಅಷ್ಟೇ. ಕೌಲ್ ಬಜಾರ್, ಎದೆಮಟ್ಟ ಆಳ, ಬೂದಿ, ಪಿಂಗಾಣಿ ಚೂರು ಅಂದಾಗ ಅದು ಬಳ್ಳಾರಿಯದು ಆಗುತ್ತದೆ. ಪಕ್ಕದಲ್ಲೇ ದಂಡು, ಅಂದರೆ ಸೈನ್ಯದ ಬಿಡಾರ ಇತ್ತು. ಮದ್ರಾಸಿನಲ್ಲಿ ಆಗ ಬಂದರು ಕಟ್ಟೆ ಇರಲಿಲ್ಲ. ಹಡಗು ದೂರ ನಿಲ್ಲುತ್ತಿತ್ತು, ತೆಂಗಿನ ನಾರಿನಲ್ಲಿ ಹೊಲಿದ ಮಸೂಲಾ ದೋಣಿಗಳು ಅಲೆ ಸೀಳಿ ಸರಕು ದಡಕ್ಕೆ ತರುತ್ತಿದ್ದವು. ಅಲ್ಲಿಂದ ಒಳನಾಡಿಗೆ ಎತ್ತಿನ ಗಾಡಿ, ಲಂಬಾಣಿಗರ ಹೇರೆತ್ತು. ಆ ದಾರಿಯ ಕೊನೆಯಲ್ಲಿ ಯಾರೋ ಹೊದಿಕೆ ಬಿಚ್ಚಿ ಎಸೆದಿದ್ದಾರೆ.

ಕಸದ ಜೊತೆ ಸೀಲು ನೆಲ ಸೇರುವುದು ಬೇರೆ ಕಡೆಯೂ ಆಗಿದೆ. ಸ್ಕಾಟ್ಲೆಂಡಿನ ಡಂಡಿ ಸುತ್ತಮುತ್ತ ಹೊಲಗಳಲ್ಲಿ ರಷ್ಯಾದ ಸೀಸದ ಸೀಲುಗಳು ರಾಶಿ ಸಿಕ್ಕಿವೆ. ಅಗಸೆ ನಾರಿನ ಕಟ್ಟಿಗೆ ರಷ್ಯಾದಲ್ಲಿ ಗುಣ ಪರೀಕ್ಷೆ ಮಾಡಿ ಸೀಲು ಹಾಕಿ ಕಳಿಸುತ್ತಿದ್ದರು. ಗಿರಣಿಯಲ್ಲಿ ನಾರು ಬಿಚ್ಚಿ ಉಳಿದ ಕಸವನ್ನು ಗೊಬ್ಬರ ಅಂತ ಹೊಲಕ್ಕೆ ಹಾಕುತ್ತಿದ್ದರು, ಸೀಲೂ ಅದರ ಜೊತೆ ಹೋಗುತ್ತಿತ್ತು. ಎಲ್ಲಿ ಸಿಕ್ಕಿತು ಅಂತ ಬರೆದಿಟ್ಟವರು ಇದ್ದದ್ದಕ್ಕೇ ಈ ಸಂಗತಿ ಗೊತ್ತಾದದ್ದು.

ಹಳೇಸಾಮಾನು, ಗಂಗಾವತಿ

ಹೃದಯದ್ದು ಎಷ್ಟಕ್ಕೆ ಕೊಡುತ್ತೀರಿ? ನಗದು ಕೊಡುತ್ತೇನೆ. ಇಂಥದ್ದಕ್ಕೆ ಶಕ್ತಿ ಇರುತ್ತದೆ ಅಂತ ಕೇಳುವ ಪಾರ್ಟಿ ಇದ್ದಾರೆ.

ಗೂಡ್ಸ್ ಗುಮಾಸ್ತ, ರಾಯಚೂರು

ಶಕ್ತಿಯ ಮಾತು ಬೇಡಪ್ಪಾ. ರಾಮ, ಸೀತೆ, ಹನುಮಂತನ ಚಿತ್ರ ಇಟ್ಟು 1818 ಅಂತ ಹಾಕಿ, ಕಂಪನಿಯ ಅಣೆ ನಾಣ್ಯ, ಅಕ್ಕಿ ಎಳೆಯುತ್ತದೆ ಅಂತ ಹೇಳಿ ಎಷ್ಟು ಮನೆ ಹಾಳು ಮಾಡಿದ್ದಾರೆ! ಕಂಪನಿ ಅಂಥ ನಾಣ್ಯ ಹೊಡೆಸಿಯೇ ಇಲ್ಲ. ನನ್ನ ಜೊತೆ ಕೆಲಸ ಮಾಡಿದವರೊಬ್ಬರು ಪಿಂಚಣಿ ದುಡ್ಡು ಇದರಲ್ಲೇ ಕಳೆದುಕೊಂಡರು. ಜವಳಿಮನೆಯವರೇ, ಯಾರು ಮನೆಗೆ ಬರುತ್ತೇನೆ ಅಂದರೂ ವಿಳಾಸ ಕೊಡಬೇಡಿ.

ಕೋಟೆ ಮೇಷ್ಟ್ರು, ಕೊಪ್ಪಳ

ಕಾನೂನು ಕೂಡ ತಿಳಿದಿರಲಿ. 100 ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ದೇಶದ ಹೊರಗೆ ಕಳಿಸುವ ಹಾಗಿಲ್ಲ. ನೆಲದಲ್ಲಿ ಹೂತದ್ದು ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಇದು ತಾತನ ಕಾಲದಲ್ಲಿ ಸಿಕ್ಕದ್ದು, ಆದರೂ ಮುಚ್ಚಿಡುವುದಕ್ಕಿಂತ ತೋರಿಸುವುದು ಒಳ್ಳೆಯದು. ಬಳ್ಳಾರಿಯಲ್ಲೇ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯ ಇದೆ. ಅಲ್ಲಿ ಇರುವುದು ಶಿಲಾಯುಗದ ಸಾಮಾನು, ಆದರೆ ಯಾರಿಗೆ ತೋರಿಸಬೇಕು ಅಂತ ಅಲ್ಲಿ ಕೇಳಬಹುದು. ಇದನ್ನು ಓದಿ ಯಾರೂ ಕೋಟೆ ಸುತ್ತ, ಹಂಪಿ ಸುತ್ತ ಮೆಟಲ್ ಡಿಟೆಕ್ಟರ್ ಹಿಡಿದು ಹೋಗಬೇಡಿ. ಅಗೆದು ಕಿತ್ತ ವಸ್ತುವಿನ ಅರ್ಧ ಕಥೆ ಮಣ್ಣಿನಲ್ಲೇ ಉಳಿದುಬಿಡುತ್ತದೆ.

ಗುಮಾಸ್ತರ ಮಾತನ್ನು ಅವರದೇ ಮಾತಿನಲ್ಲಿ ಬರೆದಿಡಿ. ಸಾಧ್ಯವಾದರೆ ಆ ಜಾಗವನ್ನೂ ತೋರಿಸಿಕೊಳ್ಳಿ.

ಜವಳಿಮನೆ, ಬಳ್ಳಾರಿ

ಮಾರುವುದಿಲ್ಲ. ಚಿಕ್ಕಪ್ಪನೂ ಅದನ್ನೇ ಹೇಳಿದರು. ಮೇಷ್ಟ್ರ ಪ್ರಶ್ನೆಗೆ ಉತ್ತರ: ಹೌದು, ಅದು ಹೊದಿಕೆಯ ತಟ್ಟೇ. ಗಿರಾಕಿಗೆ ತೋರಿಸುವ ಬಟ್ಟೆಗೆ ಯಾವ ಜವಳಿಯವನೂ ಇಷ್ಟು ದಪ್ಪ ಬಿಲ್ಲೆ ಹೊಡೆಯುವುದಿಲ್ಲ, ಅಂಚು ಹರಿದುಹೋಗುತ್ತದೆ.

ಭಾನುವಾರ ಹಿರಿಯರನ್ನು ಆಟೋದಲ್ಲಿ ಕರೆದುಕೊಂಡು ಕೌಲ್ ಬಜಾರಿಗೆ ಹೋಗಿದ್ದೆ. ಮನೆ ಬದಲಾಗಿದೆ, ಮೂರು ಅಂತಸ್ತು ಎದ್ದಿದೆ. ಬೀದಿಯ ತಿರುವಿನಲ್ಲಿ ಇದ್ದ ಬೇವಿನ ಮರದಿಂದ ಅವರು ಗುರುತು ಹಿಡಿದರು. ಕೋಲಿನಿಂದ ನೆಲ ತಟ್ಟಿ, "ಇಲ್ಲಿಂದ ಒಳಗೆ ಎರಡು ಮಾರು" ಅಂದರು. ಆಮೇಲೆ ಬಿಲ್ಲೆ ಕೈಗೆ ಕೊಟ್ಟೆ. ಕವರಿನ ಮೇಲಿಂದಲೇ ಬೆರಳಾಡಿಸಿ, "ಇಲ್ಲಿ ಇನ್ನೊಂದಕ್ಷರ ಇತ್ತಲ್ಲ" ಅಂತ ಕೇಳಿದರು. ಇತ್ತು, ನಾನೇ ಹಾಳು ಮಾಡಿದೆ ಅಂದೆ. ಆಗ ಅವರು ನನ್ನ ಪೆನ್ನು ಕೇಳಿ ಇಸಿದುಕೊಂಡು, ನಾನು ತಂದಿದ್ದ ಚೀಟಿಯ ಹಿಂದೆ ನಡುಗುವ ಕೈಯಲ್ಲಿ ಹೃದಯ ಬರೆದರು. ಮೇಲೆ 4, ಒಳಗೆ ನಾಲ್ಕು ಮನೆ. ಇಂಗ್ಲಿಷ್ ಓದಲು ಬಾರದವರು, ಆದರೆ ನಾಲ್ಕೂ ಅಕ್ಷರದ ಆಕಾರ ಬರೆದರು. ಮೊದಲನೆಯದು ವಿ.

ಚೀಟಿಯ ಮುಂದೆ ನಾನು ಬರೆದದ್ದು ಇಷ್ಟು: ಕೌಲ್ ಬಜಾರ್, ಬೇವಿನ ಮರದ ತಿರುವು, ಎರಡು ಮಾರು ಒಳಗೆ, ಎದೆಮಟ್ಟ ಆಳ, ಬೂದಿ, ಪಿಂಗಾಣಿ ಚೂರು. ಹುಣಸೆಹಣ್ಣಿನಲ್ಲಿ ಉಜ್ಜಿದ್ದು ನಾನು. ಚೀಟಿಯನ್ನು ಬೇರೆ ಕವರಿಗೆ ಹಾಕಿ ಬಿಲ್ಲೆಯ ಕವರಿಗೆ ಪಿನ್ ಮಾಡಿದ್ದೇನೆ. ಸೋಮವಾರ ವಸ್ತುಸಂಗ್ರಹಾಲಯಕ್ಕೆ ರಜೆ ಇರಬಹುದು ಅಂದರು, ಮಂಗಳವಾರ ಹೋಗುತ್ತೇನೆ.